ಪೂನಮಳ ಫೋಟೋಕ್ಕೆ ಹಾರ

"ಶಾಲನಾ, ಹುಡುಗಿ ಹೋದಳವಾ! ಪೂನಮಳ ಫೋಟೋಕ್ಕ ಹಾರ ಹಾಕ್ಯಾರಂತ!"

ಫೋನಿನಲ್ಲಿ ಕೃಷ್ಣವ್ವ ಇಷ್ಟು ಹೇಳಿ ಅಳಲಿಕ್ಕೆ ಶುರುಮಾಡಿದರು. ಹಿಂದೆ ಮಿರಜ ಪೇಟೆಯ ಗದ್ದಲ ಕೇಳುತ್ತಿತ್ತು.

"ಯಾರು ಹೇಳಿದರ್ರಿ ನಿಮಗ?"

"ಯಾರೂ ಹೇಳಿಲ್ಲ, ನನ್ನ ಕಿವಿಲೆ ಕೇಳೇನಿ. ಇಲ್ಲೆ ಕಿಶೋರನ ಅಂಗಡ್ಯಾಗ. ಅಂವಾ ಯಾರಿಗೋ ಫೋನಿನಾಗ ಹೇಳಾಕತ್ತಿದ್ದ, 'ಪೂನಮಚ್ಯಾ ಫೋಟೋಲಾ ಹಾರ ಮೀಚ ಘಾತಲಾ' ಅಂತ. ಕೈಕಾಲಾಗಿನ ಶಕ್ತಿನ ಹೋತು. ಹೊರಗ ಕಟ್ಟಿ ಮ್ಯಾಲ ಕುಂತೇನಿ."

'ಪೂನಮಳ ಫೋಟೋಕ್ಕೆ ಹಾರ ಹಾಕಿದವನು ನಾನೇ' ಎಂದಂತೆ. ಆ ಮಾತನ್ನು ಮರಾಠಿಯಲ್ಲಿ ಆಡಿದರೇನು, ಕನ್ನಡದಲ್ಲಿ ಆಡಿದರೇನು, ನಮ್ಮ ಮನೆಗಳಲ್ಲಿ ಅದಕ್ಕೆ ಒಂದೇ ಅರ್ಥ. ಬದುಕಿದ್ದವರ ಫೋಟೋಕ್ಕೆ ಯಾರೂ ಹಾರ ಹಾಕುವುದಿಲ್ಲ.

ಕಿಶೋರನದು ಫ್ಲೆಕ್ಸ್ ಬೋರ್ಡಿನ ಅಂಗಡಿ. ಹುಟ್ಟುಹಬ್ಬದ ಶುಭಾಶಯ, ಅಂಗಡಿಗಳ ಜಾಹೀರಾತು, ಸತ್ತವರಿಗೆ ಶ್ರದ್ಧಾಂಜಲಿ, ಎಲ್ಲವನ್ನೂ ಒಂದೇ ಯಂತ್ರದಲ್ಲಿ ಎಳೆದುಕೊಡುತ್ತಾನೆ. ಕೃಷ್ಣವ್ವ ತಮ್ಮ ಗಂಡ ಸಿದ್ರಾಮಪ್ಪನವರ ವರ್ಷದ ಪುಣ್ಯಸ್ಮರಣೆಗೆ ಬೋರ್ಡು ಹೇಳಿಬರಲೆಂದು ಬೆಳಿಗ್ಗೆ ಅಲ್ಲಿಗೆ ಹೋಗಿದ್ದರು. ಅಂಥ ಅಂಗಡಿಯಲ್ಲಿ ಅಂಥ ಮಾತು ಕಿವಿಗೆ ಬಿದ್ದರೆ ಯಾರಿಗೆ ಸಂಶಯ ಬಂದೀತು?

"ಅಲ್ಲೇ ಕುಂದ್ರಿ. ಬಂದೆ," ಎಂದು ಫೋನಿಟ್ಟೆ.

ಎದುರಿಗೆ ಅನುಜಾ ನಿಂತಿದ್ದಳು, ಎರಡು ಕೈಯಲ್ಲಿ ಎರಡು ಫೋಟೋ ಹಿಡಿದು. ಕೃಷ್ಣವ್ವನ ಮೊಮ್ಮಗಳು. ಸಾಂಗ್ಲಿಯ ಗಣಪತಿ ಪೇಟೆಯ ಈ ಮನೆಯ ಮಾಳಿಗೆಯೇ ಅವಳ ಸ್ಟುಡಿಯೋ. ಅಜ್ಜನ ಕಾಲದಲ್ಲಿ ಇದು ಅರಿಶಿನ ತುಂಬಿಡುವ ಕೋಠಿಯಾಗಿತ್ತು. ಎಷ್ಟು ಸುಣ್ಣ ಬಳಿದರೂ ಗೋಡೆಯ ಹಳದಿ ಹೋಗಿಲ್ಲ. ಒರಗಿ ನಿಂತರೆ ಸೀರೆಗೂ ಅಂಟುತ್ತದೆ. ಕೋಠಿ ಅಂದಮೇಲೆ ಕಿಟಕಿ ಯಾಕೆ ಬೇಕು ಅಂತ ಹಿರಿಯರು ಒಂದನ್ನೇ ಇಟ್ಟಿದ್ದರು. ಆ ಒಂದು ಕಿಟಕಿಯ ಬೆಳಕಿನಲ್ಲೇ ಅನುಜಾ ಸಾಂಗ್ಲಿಯ ಅರ್ಧ ಹುಡುಗಿಯರನ್ನು ಚೆಂದ ಮಾಡಿ ತೋರಿಸಿದ್ದಾಳೆ.

ಈಗ ಅವಳ ಮುಖವೇ ನೋಡುವ ಹಾಗಿರಲಿಲ್ಲ. ಮಾಡೆಲ್ ಪೂನಮ್ ಕಾಣೆಯಾಗಿ ಒಂದು ವಾರ. ಅವಳ ಜೊತೆಗೆ ಓಂಪ್ರಕಾಶ ಶೇಟರ ತಾಯಿಯ ಪುತಳಿ ಹಾರ, ಅಂದರೆ ಬಂಗಾರದ ನಾಣ್ಯ ಪೋಣಿಸಿದ ಹಳೇ ಕಾಲದ ಹಾರವೂ ಕಾಣೆ. ಶೇಟರದು ಆಭರಣದ ಅಂಗಡಿ. ಅವರು ಬೆರಳು ತೋರಿಸಿದ್ದು ಅನುಜಾಳ ಕಡೆಗೆ. ಇವತ್ತು ಸಂಜೆ ಫೌಜದಾರ ಶಾಂತಿನಾಥರು ಬರುವವರಿದ್ದರು. ಅಷ್ಟರೊಳಗೆ ಅನುಜಾಳ ಮಾತಿಗೆ ಒಂದು ಸಾಕ್ಷಿ ಸಿಗದಿದ್ದರೆ ಕಳ್ಳತನದ ಗುನ್ಹೆ ಅವಳ ಹೆಸರಿನಲ್ಲಿ ದಾಖಲಾಗುತ್ತಿತ್ತು. ಅದಕ್ಕೇ ಕೃಷ್ಣವ್ವ ನನ್ನನ್ನು ಕರೆಸಿದ್ದರು.

"ಮಾವಶಿ, ಕಾಯ ಝಾಲಾ? ಅಜ್ಜಿಗೆ ಏನಾತು?"

ಹೇಳದೆ ಗತಿಯಿರಲಿಲ್ಲ. ಹೇಳಿದೆ. ಕೈಯಲ್ಲಿದ್ದ ಫೋಟೋ ಎರಡೂ ನೆಲಕ್ಕೆ ಬಿದ್ದವು.

ಬಿದ್ದವನ್ನು ನಾನೇ ಎತ್ತಿಕೊಂಡೆ. ಎರಡರಲ್ಲೂ ಅದೇ ಪೂನಮ್, ಅದೇ ನಗು, ಅದೇ ನೀಲಿ ಸೀರೆ, ಹೆಗಲ ಮೇಲೆ ಅದೇ ಕೂದಲೆಳೆ. ಒಂದರಲ್ಲಿ ಕೊರಳು ಖಾಲಿ. ಅದು ಅನುಜಾ ತೆಗೆದದ್ದು. ಇನ್ನೊಂದರಲ್ಲಿ ಕೊರಳ ತುಂಬ ಪುತಳಿ ಹಾರ. ಅದು ಶೇಟರ ಅಂಗಡಿಯ ಬ್ಯಾನರಿನದು.

'ಹಾರ ಈ ಮನೆಗೆ ಬರಲೇ ಇಲ್ಲ. ಖಾಲಿ ಕೊರಳಿನ ಫೋಟೋ ಬೇಕೆಂದು ಶೇಟರೇ ಹೇಳಿದ್ದರು, ಆಮೇಲೆ ಯಾರೋ ಕಂಪ್ಯೂಟರಿನಲ್ಲಿ ಹಾರ ಸೇರಿಸಿದ್ದಾರೆ' ಎಂದು ಅನುಜಾ. 'ಹಾರವನ್ನು ನಾನೇ ಡಬ್ಬಿಯಲ್ಲಿಟ್ಟು ಪೂನಮ್ ಕೈಯಲ್ಲಿ ಕಳಿಸಿದೆ. ಹಾಕಿಕೊಂಡೇ ಫೋಟೋ ತೆಗೆಸಿಕೊಂಡಳು. ಈಗ ಈ ಅನುಜಾ ಕಂಪ್ಯೂಟರಿನಲ್ಲಿ ಹಾರ ಅಳಿಸಿ ಖಾಲಿ ಕೊರಳು ತೋರಿಸುತ್ತಿದ್ದಾಳೆ' ಎಂದು ಶೇಟರು. ಸೇರಿಸುವ ಯಂತ್ರಕ್ಕೆ ಅಳಿಸಲಿಕ್ಕೂ ಬರುತ್ತದಲ್ಲ! ಯಾವ ಫೋಟೋದಿಂದ ಯಾವುದು ಹುಟ್ಟಿತು ಎಂದು ಹೇಳಬಲ್ಲವಳು ಆ ಕೊರಳಿನ ಒಡತಿ ಒಬ್ಬಳೇ. ಅವಳ ಫೋಟೋಕ್ಕೆ ಈಗ ಹಾರ ಬಿದ್ದಿದೆಯಂತೆ.

"ನಡಿ, ಏಳು," ಎಂದೆ. "ಅಳೂದು ವ್ಯಾನಿನಾಗ ಅಳು."

ಊರಿಗೆಲ್ಲ ನಾನು ಮಾವಶಿ, ಅಂದರೆ ಚಿಕ್ಕಮ್ಮ. ನನ್ನ ಮಾತು ಒರಟು ಎಂದೂ ಅದೇ ಊರು ಹೇಳುತ್ತದೆ. ಹೆಣ್ಣು ಕೊಡುವ ಮೊದಲು ಗಂಡಿನ ನಿಜ ಬಣ್ಣ ಪತ್ತೆ ಮಾಡಿಕೊಡುವುದು ನನ್ನ ಕಸುಬು. ಸಾಂಗ್ಲಿ-ಮಿರಜದ ವರಗಳ ಸುಳ್ಳು ಕೇಳಿ ಕೇಳಿ ಮೆತ್ತಗೆ ಮಾತಾಡುವುದು ಮರೆತೇಹೋಗಿದೆ. ಆದರೆ ಹೆಣಕ್ಕೂ ನನಗೂ ಇದುವರೆಗೆ ಸಂಬಂಧ ಬಂದಿರಲಿಲ್ಲ. ಮಿರಜದ ದಾರಿಯಲ್ಲಿ ವಿಶ್ರಾಮಬಾಗ ದಾಟುವಾಗ ಎರಡು ಸಲ ತಪ್ಪು ಗೇರ್ ಹಾಕಿದೆ.

"ಆಕಿನ್ನ ನಾನೇ ಕರ್ಸಿದ್ದು ಮಾವಶಿ," ಅನುಜಾ ಬಿಕ್ಕುತ್ತಿದ್ದಳು. "ಬಸ್ ಸ್ಟ್ಯಾಂಡದಾಗ ನೋಡಿ, ಮೀಚ ಮ್ಹಣಾಲೇ, ನಾನೇ ಅಂದೆ, ಫೋಟೋ ತೆಗೀಲೇನು ಅಂತ. ಆಕಿ ಪಾಡಿಗೆ ಆಕಿ ಕಾಲೇಜಿಗೆ ಹೊಂಟಿದ್ಲು."

ನಾನು ಹಾರ್ನ್ ಬಾರಿಸಿ ಮುಂದಿನ ಲಾರಿ ದಾಟಿದೆ.

ಕೃಷ್ಣವ್ವ ಅಂಗಡಿಯ ಕಟ್ಟೆಯ ಮೇಲೆ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು. ತೊಡೆಯ ಮೇಲೆ ಒಂದು ಕೈಚೀಲ. ಅದರಿಂದ ಸೇವಂತಿಗೆ ಹಾರದ ತುದಿ ಇಣುಕುತ್ತಿತ್ತು. ಗಂಡನ ಫೋಟೋಕ್ಕೆಂದು ಪೇಟೆಯಲ್ಲಿ ಕೊಂಡದ್ದು. ಮೊಮ್ಮಗಳನ್ನು ನೋಡಿದ್ದೇ ತಬ್ಬಿಕೊಂಡು ಇನ್ನೊಂದು ಸಲ ಅತ್ತರು. ಅಜ್ಜಿ-ಮೊಮ್ಮಗಳನ್ನು ಅಲ್ಲೇ ಬಿಟ್ಟು ನಾನು ಒಳಗೆ ನುಗ್ಗಿದೆ.

ಕಿಶೋರ ನನ್ನನ್ನು ನೋಡಿ ಎದ್ದುನಿಂತ. ಮುಖದಲ್ಲಿ ಒಂದು ಹನಿ ರಕ್ತ ಉಳಿಯಲಿಲ್ಲ. ಇಂಥ ಮುಖಗಳನ್ನು ನಾನು ಚೆನ್ನಾಗಿ ಬಲ್ಲೆ. ಇವನ ಹೊಟ್ಟೆಯಲ್ಲಿ ಏನೋ ಇದೆ.

"ಪೂನಮಳ ಫೋಟೋಕ್ಕ ಹಾರ ಹಾಕಿದಾಂವ ನೀನೇನು?"

"ಮಾವಶಿ... ನಿಮಗ ಹೆಂಗ ಗೊತ್ತಾತ್ರಿ?"

"ಹಾಕಿದ್ಯೋ ಇಲ್ಲೋ?"

"ಹಾಕೇನ್ರಿ. ಆದ್ರ ನಂದೇನೂ ತಪ್ಪಿಲ್ರಿ. ಶೇಟಜಿ ಹಾಕು ಅಂದ್ರು, ಹಾಕಿದೆ."

ಶೇಟರೇ! ನಾನು ಮೇಜು ಗುದ್ದಿದೆ. "ಹೆಂಗ ಹೋದಳೋ ಹುಡುಗಿ?"

"ಬಸ್ಸಿಗೆ ಹೋಗಿರಬೇಕ್ರಿ."

"ಏನಂದಿ?"

"ಹೌದ್ರಿ. ಆಕಿ ಕಡೆ ಗಾಡಿ ಎಲ್ಲೈತಿ?"

ಒಂದು ಗಳಿಗೆ ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಅವನ ಹಿಂದಿನ ಗೋಡೆಯಲ್ಲಿ ಯಾವುದೋ ಅಜ್ಜ ಗುಲಾಬಿ ಹಾರದೊಳಗಿಂದ ಗಂಭೀರವಾಗಿ ಇಬ್ಬರನ್ನೂ ನೋಡುತ್ತಿದ್ದ.

"ಕಿಶೋರ, ಸಮಾಧಾನಲೆ ಕೇಳ್ತೇನಿ. ಪೂನಮ್ ಸತ್ತಾಳೋ, ಬದುಕ್ಯಾಳೋ?"

"ಅಯ್ಯ ಶಿವನ! ಸಾಯೂದ್ಯಾಕ್ರಿ? ನಿನ್ನೆ ಫೋನ್ ಮಾಡಿ ನನಗ ಬಾಯಿಗೆ ಬಂದಂಗ ಬೈದಾಳ!"

"ಮತ್ತ ಹಾರ?"

"ಹಾರ ಅಂದ್ರ... ಬಂಗಾರದ್ದರಿ! ಪುತಳಿ ಹಾರ! ಕಂಪ್ಯೂಟರಿನಾಗ ಕೊರಳಿಗೆ ಕುಂದರಿಸಿದ್ದು! ನೀವೇನು ಹೂವಿಂದು ಅಂತ ತಿಳಕೊಂಡ್ರೇನು?"

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಿಂದಿನಿಂದ ಒಂದು ವಿಚಿತ್ರ ಸದ್ದು. ತಿರುಗಿದರೆ ಬಾಗಿಲಲ್ಲಿ ಕೃಷ್ಣವ್ವ. ಹಣೆ ಚಚ್ಚಿಕೊಳ್ಳುತ್ತ ನಗುತ್ತಿದ್ದರು. ಕಣ್ಣಿನಿಂದ ನೀರು ಮಾತ್ರ ಸುರಿಯುತ್ತಲೇ ಇತ್ತು.

"ನಿನ್ನ ಬಾಯಾಗ ಸಕ್ಕರಿ ಹಾಕಲಿ ನನ ಕೂಸ! ಮೊದಲ ಬಂಗಾರದ್ದು ಅಂತ ಹೇಳಬಾರದೇನೋ? ನನ್ನ ಜೀವಾ ಬಾಯಿಗೆ ಬಂದಿತ್ತು!"

"ನಾ ನಿಮ್ಮ ಸಂಗಡ ಎಲ್ಲಿ ಮಾತಾಡಿನ್ರಿ ಆಯಿ? ಶೇಟಜಿ ಸಂಗಡ ಮಾತಾಡಾಕತ್ತಿದ್ದೆ."

ಅನುಜಾ ಮಾತ್ರ ನಗಲಿಲ್ಲ. ನೇರ ಕಿಶೋರನ ಎದುರಿಗೆ ಹೋಗಿ ನಿಂತಳು. ಹುಡುಗಿ ಬದುಕಿದ್ದಾಳೆ ಎಂದು ಗೊತ್ತಾದಮೇಲೆ ಅವಳಿಗೆ ತನ್ನ ಕುತ್ತಿಗೆಯ ನೆನಪು ಬಂದಿರಬೇಕು.

"ಹಾರ ತೂ ಘಾತಲಾಸ? ನನ್ನ ಫೋಟೋಕ್ಕ? ಒಂದು ವಾರದಿಂದ ನಾ ಎಲ್ಲಾರ ಮುಂದ ಅದನ್ನ ಬಡಕೊಳ್ಳಾಕತ್ತೇನಿ. ಮತ್ತ ನೀ ಸುಮ್ನ ಇದ್ದಿ?"

ಕಿಶೋರ ತಲೆ ತಗ್ಗಿಸಿದ. ಆಮೇಲೆ ಒಂದೊಂದಾಗಿ ಹೊರಬಿತ್ತು. ಶೇಟರು ಖಾಲಿ ಕೊರಳಿನ ಫೋಟೋ ಕಳಿಸಿದ್ದರು. ಅದರ ಜೊತೆಗೆ ಕೆಂಪು ಮಖಮಲ್ಲಿನ ಮೇಲಿಟ್ಟು ತೆಗೆದ ಹಾರದ ಫೋಟೋ. ಕೂಡಿಸಿ ಬ್ಯಾನರ್ ಮಾಡು ಎಂದರು, ಮಾಡಿದ. ಹಾರ ಕಳುವಾಗಿದೆ ಎಂಬ ಸುದ್ದಿ ಎದ್ದಮೇಲೆ ಎರಡೂ ಫೋಟೋ ಅಳಿಸಿಬಿಡು ಎಂದರು, ಅಳಿಸಿದ. ಇವತ್ತು ಬೆಳಿಗ್ಗೆ ಮತ್ತೆ ಫೋನು, ಖರೇನ ಅಳಿಸಿದ್ದೀಯಾ ಎಂದು. ಹೇಳಿದ್ದೆಲ್ಲ ಮಾಡಿದ್ದೇನಲ್ಲ, ಹಾರ ಹಾಕಿದವನೂ ನಾನೇ, ಇನ್ನೇನು ಎಂದು ಇವನು ರೇಗಿದ್ದ. ಕೃಷ್ಣವ್ವ ಅಂಗಡಿಗೆ ಕಾಲಿಟ್ಟದ್ದು ಆಗಲೇ.

"ಸಂಜಿಗೆ ಫೌಜದಾರರು ಬರ್ತಾರ. ಅವರ ಮುಂದ ಇದನ್ನ ಹೇಳ್ತಿಯೇನು?" ಎಂದೆ.

ಅವನು ಗೋಡೆಯ ಬ್ಯಾನರುಗಳ ಕಡೆ ನೋಡಿದ. ಪ್ರತಿ ಹಬ್ಬಕ್ಕೂ ಶೇಟರ ಕೆಲಸ ಅವನಿಗೇ ಬರುತ್ತಿತ್ತು.

"ಪೂನಮ್ ಮೊದಲ ಹೇಳಲಿ ಮಾವಶಿ. ಆಕಿ ಹೇಳಿದ್ರ ನಾನೂ ಹೇಳ್ತೇನಿ. ನಾ ಒಬ್ಬಾಂವ ಹೇಳಿದ್ರ, ಇಂವಾ ರೊಕ್ಕ ತಿಂದು ಹೇಳಾಕತ್ಯಾನ ಅಂತಾರ."

ಹೇಡಿಯ ಮಾತು. ಆದರೆ ಸುಳ್ಳಲ್ಲ.

"ಎಲ್ಲದಾಳ ಆಕಿ?"

"ಕಸಬೆ ಡಿಗ್ರಜದಾಗ, ಆಕಿ ಮಾವಶಿ ಮನ್ಯಾಗ. ನಾ ಹೇಳೇನಿ ಅಂತ ಹೇಳಬ್ಯಾಡ್ರಿ!"

ಡಿಗ್ರಜದಲ್ಲಿ ಪೂನಮಳ ಮಾವಶಿ ಮಾಳವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಬ್ಬಿನ ಗದ್ದೆಯ ಅಂಚಿಗೆ ತಗಡಿನ ಮನೆ, ಮುಂದೆ ಐದಾರು ಕುರಿ. ಅಂಗಳದಲ್ಲಿ ತಲೆಗೆ ಎಣ್ಣೆ ಮೆತ್ತಿಕೊಂಡು, ಮಾವಶಿಯ ಹಳೇ ಸೀರೆ ಉಟ್ಟು, ಒಂದು ಹುಡುಗಿ ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಸಾಂಗ್ಲಿಯ ಚೌಕದಲ್ಲಿ ಬಂಗಾರ ಹೊತ್ತು ನಗುವ ಸುಂದರಿ ಇವಳೇ ಎಂದು ನನಗೆ ತಟ್ಟನೆ ಹೊಳೆಯಲೇ ಇಲ್ಲ. ಉದ್ದನೆಯ ಆ ಕೊರಳು ಮಾತ್ರ ಅದೇ.

ವ್ಯಾನ್ ನೋಡಿದ್ದೇ ಎದ್ದು ಓಡಿದಳು. ಅನುಜಾ ಹಿಂದೆ ಓಡಿದಳು. ಕುರಿಗಳೆಲ್ಲ ಚೆದುರಿದವು. ಕೃಷ್ಣವ್ವನ ಮುಂದೆ ಇಬ್ಬರ ಆಟವೂ ನಡೆಯಲಿಲ್ಲ.

"ನಿಂದ್ರs ಮಳ್ಳಿ! ನಿನ್ನ ಸಲುವಾಗಿ ಪ್ಯಾಟಿ ತುಂಬ ಅತ್ತು ಬಂದೇನಿ!"

ಪೂನಮ್ ನಿಂತಳು. ಕೃಷ್ಣವ್ವ ಹೋಗಿ ಬೆನ್ನ ಮೇಲೆ ಒಂದು ಗುದ್ದಿದರು, ಅದೇ ಕೈಯಿಂದ ಎದೆಗೆ ಒತ್ತಿಕೊಂಡರು. ನನ್ನ ಕಣ್ಣೂ ಮಂಜಾದವು. ಕನ್ನಡಕ ಒರೆಸಿಕೊಳ್ಳುವ ನೆಪ ಇತ್ತು, ಸದ್ಯ.

"ಶೇಟಜಿ ಹೇಳಿದ್ರಿ," ಪೂನಮ್ ಅಳುತ್ತಲೇ ಹೇಳಿದಳು. "ಹಾರ ಕಳದೈತಿ, ಅನುಜಾ ನಿನ್ನ ಹೆಸರ ಹೇಳ್ಯಾಳ, ಪೋಲೀಸರು ನಿನ್ನ ಹುಡಕಾಕತ್ಯಾರ ಅಂತ. ಫೋನ್ ಬಂದ್ ಮಾಡಿ ಊರಿಗೆ ಹೋಗು, ನಾ ಎಲ್ಲಾ ಸಂಭಾಳಸ್ತೇನಿ ಅಂದ್ರು."

"ನಾನು? ನಿನ್ನ ಹೆಸರು?" ಅನುಜಾ ಬಾಯಿ ತೆರೆದು ನಿಂತಳು.

"ನನಗೇನು ಗೊತ್ತು ಅಕ್ಕಾ? ಕುರಿ ಕಾಯೋ ಮನಿ ಹುಡುಗಿ ಬಂಗಾರ ಕದ್ದಾಳ ಅಂದ್ರ ಯಾರು ನಂಬೂದಿಲ್ಲ, ಹೇಳ್ರಿ? ಮಾಳವ್ವ ಮಾವಶಿ ಸಾಂಗ್ಲಿಗೆ ಸಂತಿಗೆ ಹೋದಾಕಿ ಬ್ಯಾನರ್ ನೋಡಿ ಬಂದ್ಲು. ನಿನ್ನ ಕೊರಳಾಗ ಹಾರ ಐತೆಲ್ಲಾ ಅಂದ್ಲು. ಆಕಿ ಫೋನಿನಿಂದನ ಕಿಶೋರಗ ಬೈದೆ. ಆ ಹಾರ ನಾ ಕಣ್ಣಿಲೆ ಸುದ್ದಾ ನೋಡಿಲ್ರಿ!"

"ಇದನ್ನ ಫೌಜದಾರರ ಮುಂದ ಹೇಳ್ತಿ?"

"ಅನುಜಾಕ್ಕ ನನ್ನ ಹೆಸರು ಹೇಳಿಲ್ಲ ಅಂದಮ್ಯಾಲ ಎಲ್ಲೆ ಬೇಕಾದ್ರೂ ಹೇಳ್ತೇನಿ."

ಕೃಷ್ಣೆಯ ಸೇತುವೆ ದಾಟಿ ಸಾಂಗ್ಲಿಗೆ ತಿರುಗುವಾಗ ವ್ಯಾನಿನಲ್ಲಿ ಮೂವರೂ ಒಮ್ಮೆಲೇ ಮಾತಾಡುತ್ತಿದ್ದರು. ನನಗೆ ಒಂದೂ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನಿಸಲಿಲ್ಲ. ನನ್ನ ಲೆಕ್ಕ ನೇರವಾಗಿತ್ತು. ಶೇಟರು ತಾಯಿಗೆ ಹೇಳದೆ ಹಾರವನ್ನು ಎಲ್ಲೋ ಮಾರಿಕೊಂಡಿದ್ದಾರೆ. ಈಗ ತಾಯಿಗೆ ತೋರಿಸಲು ಒಬ್ಬ ಕಳ್ಳಿ ಬೇಕು. ಕಿಶೋರನಿಗೂ ಫೋನ್ ಮಾಡಿ, ಪೂನಮ್ ಸಿಕ್ಕಳು, ಸಂಜೆ ಅನುಜಾಳ ಮನೆಗೆ ಬಾ, ಇನ್ನು ನೆಪ ಹೇಳಬೇಡ ಎಂದೆ. ಬರುತ್ತೇನೆ ಎಂದ.

ಆದರೂ ಫೌಜದಾರರ ಕೈಗೆ ಬರೀ ಬಾಯಿಮಾತಿಗಿಂತ ಗಟ್ಟಿಯಾದದ್ದು ಏನಾದರೂ ಕೊಡಬೇಕು ಎಂದು ನನ್ನ ಹಟ. ಆ ಗಟ್ಟಿಯಾದದ್ದನ್ನು ಕಂಡುಹಿಡಿದವಳು ನಾನಲ್ಲ, ಅನುಜಾ.

"ಮಾವಶಿ, ಅದೇ ಫೋಟೋ ಪರತ್ ತೆಗೀತೇನಿ. ಖರೇ ಹಾರ ಹಾಕಿ. ಬ್ಯಾನರಿನ ಫೋಟೋದ ಜೋಡಿ ಇಟ್ಟು ನೋಡೂಣು."

"ಖರೇ ಹಾರ ಎಲ್ಲಿಂದ ತರ್ತಿ?"

ಕೃಷ್ಣವ್ವ ಒಂದು ಮಾತಾಡದೆ ತಮ್ಮ ಕೊರಳಿನ ಬೋರಮಾಳ, ಬಂಗಾರದ ಗುಂಡಿನ ಆ ಸರ ಬಿಚ್ಚಿ ಪೂನಮಳ ಕೊರಳಿಗೆ ಹಾಕಿದರು. ಎಷ್ಟೋ ವರ್ಷದಿಂದ ಅವರ ಮೈಮೇಲಿಂದ ಇಳಿಯದ ದಾಗೀನು. ಪೂನಮ್ ಬೇಡ ಬೇಡ ಎಂದು ಹಿಂದೆ ಸರಿದಳು.

"ಸುಮ್ಮನಿರs. ಬೆಳಿಗ್ಗೆ ನಿನ್ನ ಕೊರಳಿಗೆ ಹೂವಿನ ಹಾರ ಹಾಕಿಸಿದಾಕಿ ನಾ. ಈಗ ಬಂಗಾರದ್ದು ಹಾಕ್ತೇನಿ," ಎಂದರು.

ಅನುಜಾ ಕೆಲಸ ಮಾಡುವುದನ್ನು ನಾನು ಅವತ್ತೇ ಸರಿಯಾಗಿ ನೋಡಿದ್ದು. ಕಿಟಕಿಗೆ ಅಜ್ಜನ ಬಿಳೀ ಧೋತರ ಕಟ್ಟಿದಳು, ಬಿಸಿಲು ಹಾಲಿನಂತೆ ಮೆತ್ತಗಾಯಿತು. ಪೂನಮಳನ್ನು ಸ್ಟೂಲಿನ ಮೇಲೆ ಕೂರಿಸಿ, ಹಳದಿ ಗೋಡೆಯಿಂದ ಒಂದು ತೋಳು ದೂರ ಸರಿಸಿದಳು. ಹಿಂದಿನ ಗೋಡೆಗೆ ಅದೇ ಖಾಲಿ ಕೊರಳಿನ ಫೋಟೋವನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿಸಿ ತೂಗುಹಾಕಿದ್ದಳು. ಅದನ್ನು ನೋಡಿ ನೋಡಿ ಪೂನಮಳನ್ನು ಹಾಗೇ ಕೂರಿಸಿದಳು.

"ಗದ್ದ ಥೋಡೆ ಕೆಳಗ. ಹೆಗಲು ಸೈಲ ಬಿಡು. ಕಿಟಕಿ ಕಡೆ ನೋಡಬ್ಯಾಡ, ನನ್ನ ಕಡೆ. ಹಂಗs. ಉಸುರು ಬಿಡು."

ಪೂನಮಳಿಗೆ ನಗು ಬರಲಿಲ್ಲ. ಒಂದು ವಾರದ ಅಂಜಿಕೆ ತುಟಿಯಲ್ಲೇ ಕೂತಿತ್ತು. ಅನುಜಾ ಅವಸರ ಮಾಡಲಿಲ್ಲ. ಕ್ಯಾಮೆರಾ ಇಳಿಸಿ, ಕುರಿಮರಿಯ ಹೆಸರೇನು ಎಂದು ಕೇಳಿದಳು. ಹೆಸರು ಹೇಳುತ್ತ ಪೂನಮ್ ನಕ್ಕಳು. ಕ್ಲಿಕ್ ಎಂದಿತು. ಅಂಗಳದಲ್ಲಿ ಸೊಪ್ಪು ತಿನ್ನಿಸುತ್ತಿದ್ದ ಹುಡುಗಿಯೂ ಬ್ಯಾನರಿನ ಸುಂದರಿಯೂ ಆ ಒಂದು ನಗುವಿನಲ್ಲಿ ಸೇರಿಕೊಂಡರು. ಇಷ್ಟು ಚೆಂದವಾಗಿ ಕೆಲಸ ಮಾಡುವ ಹುಡುಗಿಯನ್ನು ಕಳ್ಳಿ ಎನ್ನಲು ಬಾಯಾದರೂ ಹೇಗೆ ಬಂತು ಎಂದು ನನಗೆ ಶೇಟರ ಮೇಲೆ ಸಿಟ್ಟು ಉಕ್ಕಿತು.

ಅನುಜಾ ಕಂಪ್ಯೂಟರಿನ ಮುಂದೆ ಕೂತಳು. ಹೊಸ ಫೋಟೋದ ಪಕ್ಕಕ್ಕೆ ಬ್ಯಾನರಿನ ಫೋಟೋ ಇಟ್ಟಳು. ಆಮೇಲೆ ಕೂತಲ್ಲೇ ಚೀರಿದಳು.

"ಮಾವಶಿ! ಬಘಾ! ಇಕಡೆ ಬಘಾ!"

ಹೊಸ ಫೋಟೋದಲ್ಲಿ ಬೆಳಕು ಎಡದಿಂದ ಬಂದಿತ್ತು, ಕಿಟಕಿ ಇರುವುದು ಆ ಕಡೆಗೇ. ಮೂಗಿನ ನೆರಳು ಬಲಕ್ಕೆ, ಬೋರಮಾಳದ ಗುಂಡುಗಳ ನೆರಳೂ ಬಲಕ್ಕೆ. ಬ್ಯಾನರಿನ ಫೋಟೋದಲ್ಲಿ ಮೂಗಿನ ನೆರಳು ಬಲಕ್ಕೆ. ಆದರೆ ಪುತಳಿ ಹಾರದ ಹೊಳಪು ಬಲಗಡೆ, ಕಪ್ಪು ಎಡಗಡೆ.

"ಮೂಗಿಗೊಂದು ಕಿಟಕಿ, ಹಾರಕ್ಕೊಂದು ಕಿಟಕಿ!" ಎಂದಳು ಅನುಜಾ. "ಈ ಕೋಠಿಗೆ ಇರೂದೇ ಒಂದು. ಒಂದು ವಾರದಿಂದ ಆ ಫೋಟೋ ಹಿಡಕೊಂಡು ಕುಂತೇನಿ, ನನಗೇ ಕಾಣಲಿಲ್ಲ. ಅಂಜಿಕಿಗೆ ಕಣ್ಣೇ ಹೋಗಿದ್ದವು."

ಫೌಜದಾರರು ಬಂದು ಈ ಕೋಣೆಯ ನಡುವೆ ನಿಂತು ಒಮ್ಮೆ ಸುತ್ತ ನೋಡಿದರೆ ಸಾಕಿತ್ತು. ಶೇಟರ ಹಾರದ ಫೋಟೋ ಬೇರೆ ಎಲ್ಲೋ, ಬೇರೆ ಬೆಳಕಿನಲ್ಲಿ ತೆಗೆದದ್ದು. ಹಾರ ಈ ಮನೆಯ ಮೆಟ್ಟಿಲು ಹತ್ತಿಲ್ಲ. ಅನುಜಾ ನನ್ನ ಹೆಗಲಿಗೆ ತಲೆಯಿಟ್ಟು ಗಟ್ಟಿಯಾಗಿ ಉಸಿರುಬಿಟ್ಟಳು. ನಾನು ಬೈಯದೆ ತಲೆ ಸವರಿದೆ.

"ಬರ್ರಿ ಕೆಳಗ," ಕೃಷ್ಣವ್ವ ಕೂಗಿದರು. "ಮುಂಜಾನಿಯಿಂದ ಯಾರ ಹೊಟ್ಟ್ಯಾಗೂ ಅನ್ನ ಇಲ್ಲ."

ಝುಣಕ, ಭಾಕರಿ, ಹಸಿ ಉಳ್ಳಾಗಡ್ಡಿ. ಪೂನಮ್ ನೋಡಲು ತೆಳ್ಳಗೆ, ಉಣ್ಣುವುದರಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಅವಳು ಭಾಕರಿಗೆ ಮತ್ತೆ ಕೈ ಚಾಚಿದಾಗೆಲ್ಲ ಕೃಷ್ಣವ್ವನಿಗೆ ಹಿಗ್ಗು. ಒಂದು ವಾರದ ಮೇಲೆ ಆ ಮನೆಯಲ್ಲಿ ನಗು ಕೇಳಿತು. ಕೆಳಗಿನ ಬಾಗಿಲಿಗೆ ನಾನೇ ಚಿಲಕ ಹಾಕಿದ್ದೆ. ಮಾಳಿಗೆಗೆ ಗಿರಾಕಿಗಳು ಬರಲೆಂದು ರಸ್ತೆಯ ಕಡೆಯಿಂದ ಬೇರೆ ಮೆಟ್ಟಿಲಿತ್ತು. ಆ ಬಾಗಿಲನ್ನು ಬರೀ ಮುಂದೆ ಮಾಡಿ ಚಿಲಕ ಹಾಕದೆ ಬಿಟ್ಟದ್ದು ಯಾರ ನೆನಪಿಗೂ ಬರಲಿಲ್ಲ.

ಊಟ ಮುಗಿಸಿ ಕೃಷ್ಣವ್ವ ಕೈಚೀಲ ತಡಕಾಡಿದರು.

"ಶಾಲನಾ, ಹಾರ ಎಲ್ಲಿಟ್ಟೆ ನಾನು?"

"ಎಂಥಾ ಹಾರ ಅಜ್ಜಿ, ಬಂಗಾರದ್ದೋ ಹೂವಿಂದೋ?" ಎಂದಳು ಅನುಜಾ. ಪೂನಮ್ ನಗುವಿನ ರಭಸಕ್ಕೆ ಕುಡಿಯುತ್ತಿದ್ದ ಮಜ್ಜಿಗೆ ನೆತ್ತಿಗೇರಿ ಕೆಮ್ಮಿದಳು.

"ಹೂವಿಂದs! ನಿಮ್ಮಜ್ಜನ ಫೋಟೋಕ್ಕ ತಂದದ್ದು. ಸೇವಂತಿಗಿ. ಮ್ಯಾಲೆ ಮೆಟ್ಟಲ ಕಟಾಂಜನಕ್ಕ ತೂಗಹಾಕಿದ್ದೆ ಅನಸ್ತೈತಿ."

"ನಾ ತರ್ತೇನಿ, ಕುಂದ್ರಿ. ನನ್ನ ಕನ್ನಡಕನೂ ಅಲ್ಲೇ ಉಳದೈತಿ."

ಒಳಗಿನ ಮೆಟ್ಟಿಲು ಹತ್ತಿದೆ. ಮೊಣಕಾಲು ಅವತ್ತು ಅಷ್ಟೊಂದು ನೋಯಲಿಲ್ಲ. ಮನಸ್ಸು ಹಗುರಾದರೆ ಮೈಯೂ ಹಗುರಾಗುತ್ತದೇನೋ. ಮೆಟ್ಟಿಲ ಪಕ್ಕದ ಕಟಾಂಜನ ಖಾಲಿಯಿತ್ತು. ರಸ್ತೆ ಕಡೆಯ ಬಾಗಿಲು ತೆರೆದಿತ್ತು. ಗಾಳಿಗೆ ತೆರೆದುಕೊಂಡಿರಬೇಕು ಎಂದುಕೊಂಡೆ.

ಸ್ಟುಡಿಯೋದೊಳಗೆ ಕಾಲಿಟ್ಟೆ. ಅರಿಶಿನದ ಹಳೇ ವಾಸನೆಯ ಜೊತೆಗೆ ಹಸಿ ಹೂವಿನ ವಾಸನೆ ಮೂಗಿಗೆ ಬಡಿಯಿತು.

ಹಿಂದಿನ ಗೋಡೆಯ ಚೌಕಟ್ಟಿನಲ್ಲಿ ಪೂನಮ್ ನಗುತ್ತಿದ್ದಳು. ಆ ಚೌಕಟ್ಟಿಗೆ ಅಜ್ಜನ ಸೇವಂತಿಗೆ ಹಾರ ಹಾಕಿತ್ತು.

ಬದುಕಿದ್ದ ಹುಡುಗಿ ಕೆಳಗೆ ಮಜ್ಜಿಗೆ ಕುಡಿಯುತ್ತಿದ್ದಾಳೆ. ಅವಳ ನಗು ನನಗೆ ಇಲ್ಲಿಗೆ ಕೇಳುತ್ತಿದೆ. ಇಲ್ಲಿ ಯಾರೋ ಅವಳ ಫೋಟೋಕ್ಕೆ ಹಾರ ಹಾಕಿ ಹೋಗಿದ್ದಾರೆ. ಅವಳು ಸಿಕ್ಕಳೆಂದು ನಾನು ಹೇಳಿದ್ದು ಕಿಶೋರನೊಬ್ಬನಿಗೇ. ಸಾಕ್ಷಿ ಹೇಳಿದರೆ ಹೀಗಾಗುತ್ತದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ಭಾಷೆಯಲ್ಲಿ ಹೇಳಲಿಕ್ಕಾಗುತ್ತದೆ?

ಕಿತ್ತೆಸೆಯಲೆಂದು ಹೋಗಿ ಕೈ ಹಾಕಿದೆ. ಹೂವಿಗೆ ಇರಬಾರದ ಭಾರವಿತ್ತು. ದಳಗಳ ನಡುವೆ ಏನೋ ತಣ್ಣಗೆ ಬೆರಳಿಗೆ ತಾಗಿತು. ಹೂ ಸರಿಸಿದೆ. ಹಳೇ ಬಂಗಾರದ ಪುತಳಿ. ಅದರ ಪಕ್ಕಕ್ಕೆ ಇನ್ನೊಂದು.

ಶೇಟರು ಮಾರಿಕೊಂಡಿದ್ದಾರೆ ಎಂದು ನಾನು ಲೆಕ್ಕ ಹಾಕಿದ್ದ ಹಾರ. ಈ ಮನೆಯ ಮೆಟ್ಟಿಲೇ ಹತ್ತಿಲ್ಲ ಎಂದು ಇನ್ನರ್ಧ ಗಳಿಗೆಯಲ್ಲಿ ನಾವು ಸಾಬೀತು ಮಾಡಬೇಕಿದ್ದ ಹಾರ. ಅನುಜಾಳ ಮನೆಯೊಳಗೆ, ಅನುಜಾಳ ಗೋಡೆಯ ಮೇಲೆ. ಇನ್ನು ಅವಳ ಮಾತನ್ನು ಯಾರು ನಂಬುತ್ತಾರೆ?

ರಸ್ತೆ ಕಡೆಯ ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು. ಅದರ ಹಿಂದೆಯೇ ಓಂಪ್ರಕಾಶ ಶೇಟರ ನಯವಾದ ದನಿ.

"ಬರ್ರಿ ಫೌಜದಾರ ಸಾಹೇಬ್ರ. ಕೆಳಗ ಆಮ್ಯಾಲ ಮಾತಾಡೋಣು. ಮೊದಲ ಮ್ಯಾಲಿನ ಖೋಲಿ ನೋಡಿಬಿಡ್ರಿ."

ನನ್ನ ಕೈ ಹಾರದ ಮೇಲೆಯೇ ಇತ್ತು. ತೆಗೆದು ಸೆರಗಿನಲ್ಲಿ ಮುಚ್ಚಿಡಲೋ, ಇದ್ದಹಾಗೇ ಬಿಡಲೋ? ತೆಗೆದರೆ ನಾನೇ ಕಳ್ಳಿ, ಬಿಟ್ಟರೆ ಅನುಜಾ. ಬೂಟಿನ ಸದ್ದು ಬಾಗಿಲಿಗೆ ಬಂತು.

ಅಜ್ಜನ ಧೋತರ ದಾಟಿ ಬರುವ ಅದೇ ಒಂದು ಕಿಟಕಿಯ ಬೆಳಕು. ಈ ಸಲ ಹಾರದ ನೆರಳು ಪೂನಮಳ ಕೊರಳ ಮೇಲೆ ಸರಿಯಾಗಿ ಬಲಕ್ಕೇ ಬಿದ್ದಿತ್ತು.